ಬೆಂಗಳೂರಲ್ಲಿ 25 ಸಾವಿರ ಸಂಬಳ, ಊರಿಗೆ ಯಾಕೆ ಬರ್ತಿಲ್ಲ ದುಡ್ಡು? ಲೆಕ್ಕ ಇಲ್ಲಿದೆ

ತುಮಕೂರು: ಜಿಲ್ಲೆಯ ಯಾವ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಹೋದರೂ ಸೋಮವಾರ ಬೆಳಗಿನ ಜಾವದ ಬೆಂಗಳೂರು ಬಸ್ಸುಗಳಲ್ಲಿ ಬ್ಯಾಗು ಹೊತ್ತ ಹುಡುಗ-ಹುಡುಗಿಯರೇ ತುಂಬಿರುತ್ತಾರೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಕಡೆಯಿಂದ ಹೋದವರಲ್ಲಿ ಬಹಳಷ್ಟು ಜನ ರೂಮು ಹಿಡಿಯೋದು ತುಮಕೂರು ರಸ್ತೆಯ ಆಸುಪಾಸಿನಲ್ಲೇ. ಪೀಣ್ಯ, ದಾಸರಹಳ್ಳಿ, ಬಾಗಲಗುಂಟೆ, ಲಗ್ಗೆರೆ, ಹೆಗ್ಗನಹಳ್ಳಿ ಹೀಗೆ. ಕೆಲಸ ಸಿಕ್ಕಿದ ತಿಂಗಳು ಊರಲ್ಲಿ ಒಂದೇ ಪ್ರಶ್ನೆ, ಎಷ್ಟು ಕಳಿಸ್ತಾನೆ ಅಂತ. ಆರು ತಿಂಗಳು ಕಳೆದ ಮೇಲೆ ಪ್ರಶ್ನೆ ಬದಲಾಗುತ್ತೆ. ಯಾಕೆ ಏನೂ ಕಳಿಸ್ತಿಲ್ಲ? ಹುಡುಗ ದಾರಿ ತಪ್ಪಿದ, ಹುಡುಗಿ ಶೋಕಿ ಕಲಿತಳು ಅನ್ನೋ ಮಾತು ಕೂಡ ಆಗ ಹುಟ್ಟಿಕೊಳ್ಳುತ್ತೆ.

ಶೋಕಿ ಮಾಡುವವರು ಇಲ್ಲ ಅಂತಲ್ಲ. ಆದರೆ ಸಂಬಳದ ದೊಡ್ಡ ಪಾಲು ಹೋಗೋದು ಶೋಕಿಗಲ್ಲ. ಬೆಂಗಳೂರಿಗೆ ಕಾಲಿಟ್ಟ ಮೊದಲ ಹದಿನೈದು ದಿನದಲ್ಲಿ ಅವಸರಕ್ಕೆ ಬಿದ್ದು ಮಾಡಿಕೊಂಡ ಎರಡು-ಮೂರು ತೀರ್ಮಾನಗಳಿಗೆ. ರೂಮು ಎಲ್ಲಿ, ಅಡ್ವಾನ್ಸ್ ಎಷ್ಟು, ಅಡುಗೆ ಯಾರು ಮಾಡೋದು. ದಿನಕ್ಕೆ 15 ರೂಪಾಯಿಯ ಮೂರು ಟೀ ಕುಡಿದರೆ ತಿಂಗಳಿಗೆ 1,350 ರೂ. ಆಗುತ್ತೆ, ನಿಜ. ಆದರೆ ಈ ಮೂರು ತೀರ್ಮಾನ ತಪ್ಪಿದರೆ ಟೀ ಪೂರ್ತಿ ಬಿಟ್ಟರೂ ಆ ನಷ್ಟ ತುಂಬೋದಿಲ್ಲ.

25 ಸಾವಿರ ಅಂದರೆ 25 ಸಾವಿರ ಅಲ್ಲ

ಮೊದಲು ಊರಿನವರು ತಿಳಿದುಕೊಳ್ಳಬೇಕಾದ ವಿಷಯ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3 ಲಕ್ಷ ಅಂತ ಬರೆದಿದ್ದರೆ ಮನೆಯವರು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 25 ಸಾವಿರ ಅಂದುಕೊಳ್ತಾರೆ. ಅದು ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡೋ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ ಪಾಲೂ ಅದರೊಳಗೇ ಇರುತ್ತೆ. 15 ಸಾವಿರ ರೂ. ವೇತನಕ್ಕೆ ಶೇ 12 ಅಂತ ಹಿಡಿದರೆ 1,800 ರೂ. ಅಷ್ಟೇ ಮೊತ್ತ ನೌಕರನ ಕಡೆಯಿಂದಲೂ ಕಡಿತ ಆಗುತ್ತೆ. ಎರಡೂ ಸೇರಿ 3,600 ಹೋದರೆ ಕೈಗೆ ಬರೋದು 21,400. ಗ್ರಾಚ್ಯುಟಿಯನ್ನೂ ಸಿಟಿಸಿಯಲ್ಲೇ ತೋರಿಸೋ ಕಂಪನಿಯಾದರೆ ಇನ್ನೂ ಸ್ವಲ್ಪ ಕಡಿಮೆ.

ಪಿಎಫ್ ಹಣ ಎಲ್ಲೂ ಹೋಗಲ್ಲ, ಅದು ಉಳಿತಾಯವೇ. ಹೋಗೋದು ಯಾವಾಗ ಅಂದರೆ ಒಂದೊಂದು ಕೆಲಸ ಬಿಟ್ಟಾಗಲೂ ಪಿಎಫ್ ಬಿಡಿಸಿಕೊಂಡು ಖರ್ಚು ಮಾಡಿದಾಗ. ಕೆಲಸ ಬದಲಾದರೂ ಯುಎಎನ್ ನಂಬರ್ ಒಂದೇ ಇರುತ್ತೆ, ಹಳೇ ಖಾತೆಯ ಹಣವನ್ನು ಹೊಸದಕ್ಕೆ ವರ್ಗ ಮಾಡಿಸಿಕೊಂಡರೆ ಆಯ್ತು.

ಸಂಬಳ 21 ಸಾವಿರ ರೂ. ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಇಎಸ್‌ಐ ಇರುತ್ತೆ. ಪೀಣ್ಯದ ಫ್ಯಾಕ್ಟರಿ, ಗಾರ್ಮೆಂಟ್ಸ್‌ಗೆ ಹೋಗೋ ನಮ್ಮ ಜಿಲ್ಲೆಯವರಲ್ಲಿ ಇಂಥವರು ಬಹಳ. ಸಂಬಳದಿಂದ ಶೇ 0.75 ಕಡಿತ ಆಗುತ್ತೆ, ಕಂಪನಿ ಶೇ 3.25 ಕಟ್ಟುತ್ತೆ. ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಂಡೂ ಕಾರ್ಡ್ ಎಲ್ಲಿದೆ ಅಂತ ಗೊತ್ತಿಲ್ಲದೆ ಜ್ವರಕ್ಕೆ ಖಾಸಗಿ ಕ್ಲಿನಿಕ್ಕಿಗೆ ಸಾವಿರಗಟ್ಟಲೆ ಸುರಿಯೋದು ಯಾವ ಲೆಕ್ಕ? ಇಎಸ್‌ಐ ಡಿಸ್ಪೆನ್ಸರಿ ಯಾವುದು ಅಂತ ಸೇರಿದ ವಾರವೇ ಕೇಳಿಟ್ಟುಕೊಳ್ಳಬೇಕು. ರಾಜಾಜಿನಗರದಲ್ಲಿ ದೊಡ್ಡ ಆಸ್ಪತ್ರೆಯೇ ಇದೆ. ಇಎಸ್‌ಐ ಇಲ್ಲದವರಿಗೆ ಬಡಾವಣೆಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ, ಅಲ್ಲಿ ವೈದ್ಯರನ್ನು ನೋಡೋದು ಉಚಿತ. ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ತಗೊಳ್ಳುವವರು ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದ ಮಾತ್ರೆಗೆ ಬದಲಾದರೆ ಬಿಲ್ಲು ಅರ್ಧಕ್ಕೂ ಕೆಳಗೆ ಬರೋದು ಸಾಮಾನ್ಯ.

ರೂಮಿನ ಬಾಡಿಗೆ ನೋಡಬೇಡಿ, ಬಾಡಿಗೆ ಪ್ಲಸ್ ಓಡಾಟ ನೋಡಿ

ಒಂದು ಉದಾಹರಣೆ. ಕೆಲಸ ಪೀಣ್ಯದಲ್ಲಿ. ನಡೆದು ಹೋಗೋ ದೂರದಲ್ಲಿ ರೂಮಿಗೆ 7,000 ಕೇಳ್ತಾರೆ. ಎಂಟು ಕಿಲೋಮೀಟರ್ ಆಚೆ 5,500ಕ್ಕೆ ಸಿಗುತ್ತೆ. ಹುಡುಗ 1,500 ಉಳೀತು ಅಂತ ದೂರದ್ದೇ ಹಿಡೀತಾನೆ. ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯಲ್ಲಿ 1,050ರಿಂದ 1,200 ರೂ.ಗೆ ಏರಿದೆ. ಉಳಿದಿದ್ದು 300. ಇನ್ನು ತಿಂಗಳಲ್ಲಿ ನಾಲ್ಕು ದಿನ ಶಿಫ್ಟ್ ತಡವಾಗಿ ಬಸ್ ತಪ್ಪಿ ಆಟೋ ಹತ್ತಿದ ಅನ್ನಿ. ಬೆಂಗಳೂರಲ್ಲಿ 2025ರ ಆಗಸ್ಟ್‌ನಿಂದ ಆಟೋ ಮೀಟರ್ ದರ ಮೊದಲ ಎರಡು ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18 ರೂ. ಎಂಟು ಕಿ.ಮೀ.ಗೆ 144 ರೂ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಅಂದರೆ 216. ಅದೂ ಮೀಟರ್ ಹಾಕಿದರೆ. ನಾಲ್ಕು ಸಲಕ್ಕೆ 800 ದಾಟಿತು. ಅಗ್ಗದ ರೂಮು ಈಗ ದುಬಾರಿ ಆಯ್ತು, ದಿನಕ್ಕೆ ಒಂದೂವರೆ ಗಂಟೆ ಬಸ್ಸಲ್ಲಿ ಹೋಗಿದ್ದು ಬೇರೆ.

ಹೆಣ್ಣುಮಕ್ಕಳಿಗೆ ಈ ಲೆಕ್ಕ ತಿರುಗುಮುರುಗು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಬಿಎಂಟಿಸಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ. ಹಾಗಾಗಿ ಸ್ವಲ್ಪ ದೂರದ ಅಗ್ಗದ ರೂಮು ಅವರಿಗೆ ನಿಜವಾಗಿಯೂ ಅಗ್ಗ. ಆದರೆ ಎಸಿ ಇರೋ ವಜ್ರ ಬಸ್ಸಿಗೆ ಅನ್ವಯಿಸಲ್ಲ, ಮೆಟ್ರೋಗೂ ಇಲ್ಲ. ರಾತ್ರಿ ಪಾಳಿ ಇದ್ದರೆ ಮಾತ್ರ ಹತ್ತಿರದ ರೂಮೇ ಸರಿ. ಅಲ್ಲಿ ಸಾವಿರ ರೂಪಾಯಿಯ ಮುಖ ನೋಡೋದು ಬೇಡ.

ಪಾಸು ಮಾಡಿಸಬೇಕೋ ಬೇಡವೋ ಅನ್ನೋದಕ್ಕೆ ಸುಲಭ ಲೆಕ್ಕ ಇದೆ. 1,200 ರೂಪಾಯಿಯನ್ನು 26 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 46 ರೂ. ಹೋಗಿ-ಬರೋ ಟಿಕೆಟ್ ಅದಕ್ಕಿಂತ ಜಾಸ್ತಿ ಆದರೆ ಪಾಸು ಲಾಭ, ಕಡಿಮೆ ಆದರೆ ನಷ್ಟ. ಸಂತೆ, ಸಂದರ್ಶನ, ಆಸ್ಪತ್ರೆ ಅಂತ ಒಂದೇ ದಿನ ಊರೆಲ್ಲ ಸುತ್ತೋದಿದ್ದರೆ 80 ರೂಪಾಯಿಯ ದಿನದ ಪಾಸು ಸಾಕು.

ಮೆಟ್ರೋ ಈಗ ಮೊದಲಿನ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂ.ಗೆ ಹೋಯ್ತು. ಒಂದು ಕಡೆಗೆ 50 ರೂ. ಟಿಕೆಟ್ ಆದರೂ 26 ದಿನಕ್ಕೆ 2,600 ರೂ. ದಿನಾ ಓಡಾಡುವವರು ಸ್ಮಾರ್ಟ್ ಕಾರ್ಡ್ ತಗೊಂಡರೆ ಶೇ 5 ರಿಯಾಯಿತಿ. ಬೆಳಗ್ಗೆ ಎಂಟರ ಒಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ ಹೋದರೆ ಶೇ 10. ಬೆಳಗ್ಗೆ ಏಳೂವರೆಗೆ ಮನೆ ಬಿಡುವವನಿಗೆ ವರ್ಷಕ್ಕೆ ಒಂದೂವರೆ ಸಾವಿರ ಸುಮ್ಮನೆ ಉಳಿಯುತ್ತೆ. ನಮ್ಮ ಕಡೆಯವರಿಗೆ ಅನುಕೂಲ ಆಗಿರೋದು ಮಾದಾವರ ನಿಲ್ದಾಣ. 2024ರ ನವೆಂಬರ್‌ನಲ್ಲಿ ಶುರುವಾದ ಮೇಲೆ ಊರಿನ ಬಸ್ಸಿಂದ ಅಲ್ಲೇ ಇಳಿದು ಮೆಟ್ರೋ ಹತ್ತಬಹುದು. ಇದರಲ್ಲಿ ದುಡ್ಡಿಗಿಂತ ಸಮಯ ಉಳಿಯುತ್ತೆ.

ಇನ್ನೊಂದು ವರ್ಗ ಇದೆ. ತುಮಕೂರು, ಗುಬ್ಬಿ, ಕುಣಿಗಲ್‌ನವರಿಗೆ ರೈಲಿದೆ. ಕೆಲಸ ಯಶವಂತಪುರ ಅಥವಾ ಪೀಣ್ಯದ ಕಡೆ ಇದ್ದರೆ ಸೀಸನ್ ಟಿಕೆಟ್ ಮಾಡಿಸಿ ಮನೆಯಿಂದಲೇ ಓಡಾಡುವವರು ಸಾವಿರಾರು ಜನ. ತಿಂಗಳಿಗೆ ಕೆಲವೇ ನೂರು ರೂಪಾಯಿ ಖರ್ಚು, ಬಾಡಿಗೆ ಸೊನ್ನೆ. ದೇಹಕ್ಕೆ ಕಷ್ಟ, ಆದರೆ ಮೊದಲ ಒಂದು ವರ್ಷ ಹೀಗೆ ಮಾಡಿದವರ ಕೈಯಲ್ಲಿ ಅಡ್ವಾನ್ಸ್ ದುಡ್ಡು ಕೂಡಿರುತ್ತೆ. ಶಿರಾ, ಮಧುಗಿರಿ, ಪಾವಗಡದವರಿಗೆ ಆ ಭಾಗ್ಯ ಇನ್ನೂ ಇಲ್ಲ. ರೈಲ್ವೆ ಹಳಿ ಮಾತು ಕೇಳ್ತಾ ಕೇಳ್ತಾ ಒಂದು ತಲೆಮಾರು ಕೆಲಸಕ್ಕೆ ಹೋಗಿ ನಿವೃತ್ತಿಯೂ ಆಗಿದೆ.

ಪಿಜಿಗೆ ಜಿಎಸ್‌ಟಿ ಕೇಳ್ತಿದ್ದಾರಾ?

ಮೊದಲ ಎರಡು-ಮೂರು ತಿಂಗಳಿಗೆ ಪಿಜಿ ವಾಸಿ. ಪಾತ್ರೆ, ಗ್ಯಾಸು, ಹಾಸಿಗೆ ಅಂತ ಕೂಡಿಸೋ ತಾಪತ್ರಯ ಇಲ್ಲ, ಬಡಾವಣೆ ಪರಿಚಯ ಆಗುತ್ತೆ. ಕೆಲವು ಕಡೆ ಬಾಡಿಗೆಯ ಮೇಲೆ ಜಿಎಸ್‌ಟಿ ಅಂತ ಸೇರಿಸಿ ಕೇಳೋದುಂಟು. ಒಬ್ಬರಿಗೆ ತಿಂಗಳಿಗೆ 20 ಸಾವಿರ ರೂ. ಒಳಗಿನ ಬಾಡಿಗೆ, ಸತತ 90 ದಿನಕ್ಕಿಂತ ಕಡಿಮೆ ಇಲ್ಲದ ವಾಸ ಆಗಿದ್ದರೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ಇದನ್ನು ಹೇಳಿದರೆ ಹೆಚ್ಚಿನವರು ಸುಮ್ಮನಾಗ್ತಾರೆ. ಹಾಗೇ ಪಿಜಿ ಸೇರುವಾಗಲೇ ಅಡ್ವಾನ್ಸಿನಲ್ಲಿ ಎಷ್ಟು ವಾಪಸ್, ಎಷ್ಟು ದಿನ ಮೊದಲು ಹೇಳಬೇಕು ಅನ್ನೋದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಬೇಕು. ಬಾಯಿಮಾತು ಬಿಡುವಾಗ ನೆನಪಿರಲ್ಲ.

ಮನೆ ಹಿಡಿಯುವಾಗ ಬೆಂಗಳೂರಿನ ಹಳೇ ರೂಢಿ ಹತ್ತು ತಿಂಗಳ ಅಡ್ವಾನ್ಸ್. ಈಗ ಐದು-ಆರು ತಿಂಗಳಿಗೆ ಒಪ್ಪುವವರೂ ಸಿಗ್ತಾರೆ, ಕೇಳಬೇಕು ಅಷ್ಟೆ. ಎರಡು ತಿಂಗಳಿಗಿಂತ ಹೆಚ್ಚು ಕೇಳಬಾರದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮಲ್ಲಿ ಕಾಯ್ದೆ ಮಾಡಿಕೊಂಡರಷ್ಟೇ ಬಲ. ಮಾಲೀಕರ ಮುಂದೆ ಅದನ್ನು ಹಿಡಿದು ವಾದ ಮಾಡಿದರೆ ಮನೆ ಸಿಗೋದಿಲ್ಲ, ಅಷ್ಟೇ ಆಗೋದು.

ವಾದ ಮಾಡಬೇಕಾದ್ದು ಬೇರೆ ಕಡೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದು ಬೆಂಗಳೂರಲ್ಲಿ ಮಾಮೂಲು. ಅದರ ಜೊತೆ ನಲ್ಲಿ, ಸ್ವಿಚ್ಚು, ಬಾಗಿಲು ಅಂತ ಇನ್ನಷ್ಟು ಸೇರಿಕೊಳ್ಳುತ್ತೆ. ಬೀಗದ ಕೈ ತಗೊಂಡ ದಿನವೇ ಖಾಲಿ ಮನೆಯ ವಿಡಿಯೋ ಮಾಡಿ ಮಾಲೀಕರಿಗೇ ವಾಟ್ಸಾಪ್ ಮಾಡಿಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗೀತು. ಅಡ್ವಾನ್ಸ್, ಬಾಡಿಗೆ ಎರಡನ್ನೂ ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಅಗ್ರಿಮೆಂಟು 11 ತಿಂಗಳಿಗೆ ಯಾಕೆ ಅಂತ ಅನೇಕರು ಕೇಳ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮಾಡಿಕೊಂಡರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದನ್ನು ತಪ್ಪಿಸೋಕೆ.

ಲೀಸ್: ಊರಿನ ಸೈಟು ಮಾರುವ ಮೊದಲು ಓದಿ

ಮಗನಿಗೆ ಮದುವೆ ಆಯ್ತು, ಬೆಂಗಳೂರಲ್ಲಿ ತಿಂಗಳು ತಿಂಗಳು ಬಾಡಿಗೆ ದಂಡ, ಒಂದೇ ಸಲ ಎಂಟು ಲಕ್ಷ ಕೊಟ್ಟು ಲೀಸಿಗೆ ಹಾಕಿಕೊಳ್ಳೋಣ, ಮೂರು ವರ್ಷ ಆದ ಮೇಲೆ ದುಡ್ಡು ವಾಪಸ್ ಬರುತ್ತಲ್ಲ. ಈ ಮಾತು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ನಡೆಯುತ್ತೆ. ನಮ್ಮ ಹಳ್ಳಿಗಳ ಭೋಗ್ಯದ ಪದ್ಧತಿಯೇ ಇದು, ಹಾಗಾಗಿ ಹೊಸದು ಅನಿಸೋದಿಲ್ಲ. ಇಲ್ಲೇ ದೊಡ್ಡ ಏಟು ಬೀಳೋದು.

ಮೊದಲು ಬಡ್ಡಿ ಲೆಕ್ಕ. ಎಂಟು ಲಕ್ಷವನ್ನು ಶೇ 12ರ ಬಡ್ಡಿಗೆ ಸಾಲ ಮಾಡಿ ತಂದರೆ ವರ್ಷಕ್ಕೆ 96 ಸಾವಿರ ಬಡ್ಡಿ, ತಿಂಗಳಿಗೆ 8 ಸಾವಿರ. ಆ ಮನೆಯ ಬಾಡಿಗೆಯೇ 8 ಸಾವಿರ ಇದ್ದರೆ ಉಳಿದಿದ್ದು ಏನೂ ಇಲ್ಲ, ಅಪಾಯ ಮಾತ್ರ ತಲೆ ಮೇಲೆ. ಕೈಸಾಲ ಮೂರು ರೂಪಾಯಿ ಬಡ್ಡಿಗೆ ತಂದಿದ್ದರೆ ತಿಂಗಳಿಗೆ 24 ಸಾವಿರ, ಲೆಕ್ಕ ಹಾಕೋದೇ ಬೇಡ. ಸ್ವಂತ ದುಡ್ಡೇ ಆದರೂ ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ ಸುಮಾರು 4,600 ಬರ್ತಿತ್ತು. ಅಂದರೆ 8 ಸಾವಿರದ ಮನೆಯಲ್ಲಿ ನಿಜವಾದ ಉಳಿತಾಯ ತಿಂಗಳಿಗೆ 3,400. ಅಷ್ಟಕ್ಕಾಗಿ ಎಂಟು ಲಕ್ಷವನ್ನು ಪರಿಚಯವಿಲ್ಲದವರ ಕೈಗೆ ಕೊಡಬೇಕಾ ಅನ್ನೋದೇ ಪ್ರಶ್ನೆ.

ಈಗ ಅಪಾಯದ ವಿಷಯ. ಬೆಂಗಳೂರಲ್ಲಿ ಪದೇ ಪದೇ ಆಗ್ತಿರೋದು ಎರಡು ರೀತಿ. ಒಂದು, ಮಾಲೀಕರು ಮನೆ ಮೇಲೆ ಬ್ಯಾಂಕ್ ಸಾಲ ತೆಗೆದಿರುತ್ತಾರೆ. ಕಂತು ಕಟ್ಟದೆ ಬ್ಯಾಂಕಿನವರು ಹರಾಜಿಗೆ ಬಂದಾಗ ಲೀಸಿನಲ್ಲಿದ್ದವರ ಕೈಯಲ್ಲಿ ಇರೋದು ಒಂದು ಛಾಪಾ ಕಾಗದದ ಅಗ್ರಿಮೆಂಟು. ನೋಂದಣಿ ಆಗಿಲ್ಲದ ಆ ಕಾಗದ ಹಿಡಿದು ಬ್ಯಾಂಕಿನ ಎದುರು ನಿಲ್ಲೋದು ಬಹಳ ಕಷ್ಟ. ಎರಡು, ನಡುವೆ ಏಜೆಂಟ್ ಇರುತ್ತಾನೆ. ಮಾಲೀಕರಿಗೆ ತಿಂಗಳ ಬಾಡಿಗೆ ಕೊಡ್ತೀನಿ ಅಂತ ಮನೆ ಪಡೀತಾನೆ, ಊರಿಂದ ಬಂದವರಿಗೆ ಅದೇ ಮನೆಯನ್ನು ಲೀಸಿಗೆ ಕೊಟ್ಟು ಲಕ್ಷಗಟ್ಟಲೆ ಎತ್ತುತ್ತಾನೆ. ಕೆಲವು ತಿಂಗಳು ಬಾಡಿಗೆ ಕಟ್ಟಿ ನಾಪತ್ತೆ. ಮಾಲೀಕರಿಗೆ ಲೀಸಿನ ವಿಷಯವೇ ಗೊತ್ತಿರಲ್ಲ, ಬಾಡಿಗೆ ಬಂದಿಲ್ಲ ಖಾಲಿ ಮಾಡಿ ಅಂತ ಬಾಗಿಲಿಗೆ ಬರ್ತಾರೆ. ಇಬ್ಬರೂ ಮೋಸ ಹೋದವರೇ, ಆದರೆ ಬೀದಿಗೆ ಬೀಳೋದು ಒಬ್ಬರು.

ಹಾಗಂತ ಲೀಸ್ ಮುಟ್ಟಲೇಬಾರದು ಅಂತಲ್ಲ. ಆಸ್ತಿ ಪತ್ರದಲ್ಲಿ ಹೆಸರಿರುವ ಮಾಲೀಕರನ್ನೇ ಮುಖತಃ ನೋಡಿ, ದುಡ್ಡನ್ನು ಅವರ ಬ್ಯಾಂಕ್ ಖಾತೆಗೇ ಹಾಕಬೇಕು, ಏಜೆಂಟ್ ಖಾತೆಗಲ್ಲ. ಕಾವೇರಿ ಆನ್‌ಲೈನ್ ತಾಣದಲ್ಲಿ ಇ.ಸಿ. ತೆಗೆಸಿ ಸಾಲದ ನಮೂದು ಇದೆಯಾ ನೋಡಬೇಕು. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಸಾಲ ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣಲ್ಲ, ಹಾಗಾಗಿ ಅಡಮಾನಗಳ ನೋಂದಣಿ ಇರುವ ಸರ್ಸಾಯಿ ತಾಣದಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಮೂಲ ಪತ್ರ ತೋರಿಸಿ ಅಂದಾಗ ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲಿದೆ ಅಂತ ಕೇಳಬೇಕು. ಕೊನೆಗೆ, ಲೀಸ್ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ನೋಂದಣಿ ಖರ್ಚು ಯಾಕೆ, ಬೇಡ ಬಿಡಿ ಅಂತ ಮಾಲೀಕರೇ ಹೇಳಿದರೆ ಆ ಮನೆ ಬಿಟ್ಟುಬಿಡಿ.

ಕರೆಂಟು, ನೀರು, ಗ್ಯಾಸು

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಸೇವಾಸಿಂಧುವಿನಲ್ಲಿ ಆ ಮನೆಯ ಆರ್‌ಆರ್ ನಂಬರಿಗೆ ತಮ್ಮ ಆಧಾರ್ ಜೋಡಿಸಬೇಕು. ಹಳೇ ಬಾಡಿಗೆದಾರ ತನ್ನ ಆಧಾರ್ ಬಿಡಿಸದೆ ಹೋಗಿದ್ದರೆ ತೊಡಕಾಗುತ್ತೆ. 2024ರಿಂದ ಬಿಡಿಸಿಕೊಳ್ಳೋ ವ್ಯವಸ್ಥೆಯೂ ಅದೇ ತಾಣದಲ್ಲಿದೆ, ಮನೆ ಬದಲಿಸುವಾಗ ಮರೆಯದೆ ಮಾಡಬೇಕಾದ ಕೆಲಸ. ನೆನಪಿಡಬೇಕಾದ್ದು, ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. ಆ ಮೀಟರಿನ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿರುತ್ತಾರೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಮನೆ ನೋಡಲು ಹೋದಾಗಲೇ ಹಳೇ ಬಿಲ್ಲು ಕೇಳಿ ಮಿತಿ ಎಷ್ಟಿದೆ ನೋಡೋದು ಜಾಣತನ. ಒಂದೇ ಮೀಟರಿಗೆ ನಾಲ್ಕು ರೂಮು ಜೋಡಿಸಿ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡೋ ಕಟ್ಟಡಗಳಲ್ಲಿ ಈ ಯೋಜನೆ ಬಾಡಿಗೆದಾರನ ಕೈಗೆ ಬರೋದೇ ಇಲ್ಲ. ಅಂಥ ರೂಮಿನ ಬಾಡಿಗೆಗೆ ಕರೆಂಟು ಖರ್ಚನ್ನೂ ಸೇರಿಸಿಯೇ ಬೇರೆ ರೂಮಿನ ಜೊತೆ ಹೋಲಿಸಬೇಕು.

ಎರಡು ಕಿಲೋವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅಷ್ಟೇ ಶಕ್ತಿಯ ಇಂಡಕ್ಷನ್ ಒಲೆ ದಿನಾ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಸಣ್ಣ ಮಿತಿ ಇರೋ ಮನೆಯಲ್ಲಿ ಅಲ್ಲಿಗೇ ಮುಗೀತು. ಗ್ಯಾಸ್ ಸಂಪರ್ಕ ಇಲ್ಲದವರಿಗೆ ಗುರುತಿನ ಚೀಟಿ ಮಾತ್ರ ತೋರಿಸಿ ಪಡೆಯೋ 5 ಕೆ.ಜಿ. ಛೋಟು ಸಿಲಿಂಡರ್ ಇದೆ. ಕಿಲೋ ಲೆಕ್ಕದಲ್ಲಿ ಮನೆಯ ದೊಡ್ಡ ಸಿಲಿಂಡರಿಗಿಂತ ದುಬಾರಿ. ಆದರೂ ಬೀದಿ ಅಂಗಡಿಗಳಲ್ಲಿ ಪುಟ್ಟ ಸಿಲಿಂಡರಿಗೆ ಕದ್ದು ಗ್ಯಾಸ್ ತುಂಬಿಸಿಕೊಳ್ಳೋದಕ್ಕಿಂತ ಸಾವಿರ ಪಾಲು ಮೇಲು. ಅದರಲ್ಲಿ ಜೀವ ಹೋದವರಿದ್ದಾರೆ.

ನೀರಿನ ವಿಷಯ ಬೇಸಿಗೆಯಲ್ಲಿ ಗೊತ್ತಾಗುತ್ತೆ. ಕಾವೇರಿಯಾ, ಬೋರಾ, ಟ್ಯಾಂಕರಾ ಅಂತ ಮೊದಲೇ ಕೇಳಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಗಿ ಬಂದಿತ್ತು. ಕುಡಿಯೋ ನೀರಿಗೆ ಬಡಾವಣೆಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡರೆ, ಮನೆಗೆ ತಂದುಕೊಡೋ ಕ್ಯಾನಿನ ಹಲವು ಪಟ್ಟು ದುಡ್ಡು ಉಳಿಯುತ್ತೆ. ಹೊರೋಕೆ ಒಂದು ಸೈಕಲ್ ಇದ್ದರೆ ಸಾಕು.

ಅನ್ನ-ಸಾರು ಬಂದರೆ ತಿಂಗಳಿಗೆ ಮೂರು ಸಾವಿರ

ಬೆಳಗ್ಗೆ ತಿಂಡಿ 50, ಮಧ್ಯಾಹ್ನ ಊಟ 80, ರಾತ್ರಿ 70. ಸಾಧಾರಣ ಹೋಟೆಲಿನ ಲೆಕ್ಕ ಇದು. ದಿನಕ್ಕೆ 200, ತಿಂಗಳಿಗೆ 6 ಸಾವಿರ. ನಾಲ್ಕು ಜನ ಸೇರಿ ಒಂದು ಮನೆ ಮಾಡಿ ಬೇಯಿಸಿಕೊಂಡರೆ ತಲೆಗೆ ಅದರ ಅರ್ಧದಲ್ಲಿ ಮುಗಿಯುತ್ತೆ, ಊರಿಂದ ಅಕ್ಕಿ-ರಾಗಿ ಬಂದರೆ ಇನ್ನೂ ಕಡಿಮೆ. ಇದು ಎಲ್ಲರಿಗೂ ಗೊತ್ತು. ಆದರೂ ನಡೆಯೋದಿಲ್ಲ, ಯಾಕಂದ್ರೆ ಗಂಡು ಹುಡುಗರ ಮನೆಗಳು ಮುರಿಯೋದು ದುಡ್ಡಿಗಲ್ಲ, ಪಾತ್ರೆ ತೊಳೆಯೋ ಜಗಳಕ್ಕೆ. ಮಗನಿಗೆ ಊರಲ್ಲೇ ಮುದ್ದೆ ತೊಳೆಸೋದು, ಒಂದು ಸಾರು ಮಾಡೋದು, ತಿಂದ ತಟ್ಟೆ ತಾನೇ ತೊಳೆಯೋದು ಕಲಿಸಿದ ಮನೆಯವರು ತಿಂಗಳಿಗೆ ಮೂರು ಸಾವಿರ ಉಳಿಸಿಕೊಟ್ಟ ಹಾಗೇ.

ಬೇಯಿಸೋಕೆ ಆಗದ ದಿನಕ್ಕೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ತಿಂಡಿಗೆ 5, ಊಟಕ್ಕೆ 10 ರೂ. ಅಂತ ಶುರುವಾಗಿದ್ದು. ಮೂರು ಹೊತ್ತೂ ಅಲ್ಲೇ ತಿಂದರೆ ದಿನಕ್ಕೆ 25 ರೂ. ಎಲ್ಲ ಕ್ಯಾಂಟೀನಿನ ರುಚಿ, ಪ್ರಮಾಣ ಒಂದೇ ತರ ಇರಲ್ಲ, ತಡವಾಗಿ ಹೋದರೆ ಖಾಲಿ ಆಗಿರುತ್ತೆ. ಆದರೆ ಸಂಬಳ ಬರೋ ಮೊದಲಿನ ವಾರ ಅಲ್ಲಿ ತಿನ್ನೋದಕ್ಕೆ ನಾಚಿಕೆ ಯಾಕೆ? ಆ್ಯಪಿನಲ್ಲಿ ತರಿಸೋ ಬಿರಿಯಾನಿಗೆ ಹೋಟೆಲ್ ದರಕ್ಕಿಂತ ಹೆಚ್ಚಿನ ದರ, ಅದರ ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ. ಈ ಪ್ಲಾಟ್‌ಫಾರ್ಮ್ ಶುಲ್ಕ 2023ರಲ್ಲಿ ಎರಡು ರೂಪಾಯಿಗೆ ಶುರುವಾಗಿ ಈಗ ಎರಡಂಕಿ ದಾಟಿದೆ. ಹತ್ತು ನಿಮಿಷದಲ್ಲಿ ಸಾಮಾನು ತರೋ ಆ್ಯಪ್‌ಗಳದ್ದು ಇನ್ನೊಂದು ತಂತ್ರ. ಇಷ್ಟು ರೂಪಾಯಿ ಮೇಲೆ ಡೆಲಿವರಿ ಫ್ರೀ ಅಂತ ತೋರಿಸಿದಾಗ 30 ರೂಪಾಯಿಯ ಮೊಸರಿಗೆ ಹೋದವನು 200 ರೂಪಾಯಿ ಸಾಮಾನು ತರಿಸಿರುತ್ತಾನೆ.

ತರಕಾರಿಗೆ ಹಾಪ್‌ಕಾಮ್ಸ್ ಅಂಗಡಿಯ ಬೋರ್ಡಿನಲ್ಲಿ ದರ ಬರೆದಿರುತ್ತೆ, ಚೌಕಾಸಿ ಬಾರದವರಿಗೆ ಅದು ಒಳ್ಳೇದು. ಚೌಕಾಸಿ ಬರುವವರಿಗೆ ಸಂಜೆ ಏಳರ ನಂತರದ ತಳ್ಳುಗಾಡಿ. ಪಡಿತರ ಚೀಟಿ ಊರಲ್ಲಿದ್ದರೂ ಅದರಲ್ಲಿ ಹೆಸರಿರುವವರು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಕುಟುಂಬದ ಪಾಲಿನಲ್ಲೇ ಅದು ಕಡಿಮೆ ಆಗೋದರಿಂದ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು, ಇ-ಕೆವೈಸಿ ಆಗಿರಬೇಕು.

ಇನ್ನು ಊರಿಂದ ಕಳಿಸೋ ಗಂಟು. ರಾಗಿ ಹಿಟ್ಟು, ಹುಣಸೆಹಣ್ಣು, ಖಾರದ ಪುಡಿ, ಹುರುಳಿಕಾಳು, ತೆಂಗಿನಕಾಯಿ. ನಮ್ಮ ಜಿಲ್ಲೆಯಲ್ಲಿ ತೋಟ ಇರುವವರಿಗೆ ಕಾಯಿ ಲೆಕ್ಕಕ್ಕಿಲ್ಲ. ಬೆಂಗಳೂರಲ್ಲಿ ಒಂದು ಕಾಯಿಗೆ ಕೊಡೋ ದುಡ್ಡು ಕೇಳಿದರೆ ಅಪ್ಪಂದಿರು ಬೆಚ್ಚಿಬೀಳ್ತಾರೆ. ತಿಂಗಳಿಗೆ ಹತ್ತು ಕಾಯಿ, ಹತ್ತು ಕಿಲೋ ಹಿಟ್ಟು ಹೋದರೆ ಅದೇ ದೊಡ್ಡ ಉಳಿತಾಯ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗೆ ಲಗೇಜು ಉಚಿತ. ಜನ ಹೋಗದಿದ್ದರೆ 2021ರಿಂದ ನಮ್ಮ ಕಾರ್ಗೋ ಪಾರ್ಸೆಲ್ ಸೇವೆ ಇದೆ, ಬಸ್ ನಿಲ್ದಾಣದಲ್ಲೇ ಕೊಟ್ಟು ಅಲ್ಲಿ ಬಿಡಿಸಿಕೊಳ್ಳಬಹುದು.

ತಾಲ್ಲೂಕಿನ ದಿನಸಿ ಅಂಗಡಿಯವರು ಗಮನಿಸಬೇಕಾದ್ದೂ ಇಲ್ಲೇ. ಗಿರಾಕಿಗಳ ಮಕ್ಕಳೆಲ್ಲ ಬೆಂಗಳೂರಿಗೆ ಹೋದರು, ವ್ಯಾಪಾರ ಬಿತ್ತು ಅಂತ ಕೂರೋದಕ್ಕಿಂತ ಆ ಮಕ್ಕಳ ತಿಂಗಳ ಸಾಮಾನನ್ನು ಇಲ್ಲೇ ಕಟ್ಟಿಕೊಡಬಹುದು. ಅಪ್ಪ ಇಲ್ಲಿ ದುಡ್ಡು ಕೊಡ್ತಾರೆ ಅಥವಾ ಮಗ ಅಲ್ಲಿಂದಲೇ ಫೋನ್‌ಪೇ ಮಾಡ್ತಾನೆ. ಅಕ್ಕಿ, ಬೇಳೆ, ಹಿಟ್ಟು, ಪುಡಿ ತೂಕ ಮಾಡಿ ಒಂದು ಡಬ್ಬಿಗೆ ತುಂಬಿ, ಹೆಸರು-ನಂಬರ್ ಬರೆದು ಬಸ್ಸಿಗೆ ಹಾಕಿದರೆ ಆಯ್ತು. ಎಣ್ಣೆ ಮಾತ್ರ ಬೇಡ, ಸೋರಿದರೆ ಬೇರೆಯವರ ಗಂಟೂ ಹಾಳು. ಅಂಗಡಿಯಲ್ಲೇ ಮಾಡಿದ ಪುಡಿ-ಉಪ್ಪಿನಕಾಯಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಇರಬೇಕು.

ಫೋನು ಮತ್ತು ಕಂತು

28 ದಿನದ ರೀಚಾರ್ಜ್ ತಿಂಗಳ ರೀಚಾರ್ಜ್ ಅಲ್ಲ. ವರ್ಷಕ್ಕೆ 13 ಸಲ ಹಾಕಿಸಬೇಕಾಗುತ್ತೆ. 300 ರೂ. ಪ್ಲಾನ್ ಅಂದರೆ 3,600 ಅಲ್ಲ, 3,900. ಪೂರ್ತಿ ತಿಂಗಳಿನ ಅಥವಾ ಮೂರು ತಿಂಗಳ ಪ್ಲಾನಿನ ದಿನದ ಖರ್ಚು ಭಾಗಿಸಿ ನೋಡಿ ಹಾಕಿಸಬೇಕು. ಊರಲ್ಲಿ ಬರೀ ಮಾತಾಡೋಕೆ ಫೋನು ಇಟ್ಟಿರೋ ಅಪ್ಪ-ಅಮ್ಮನಿಗೆ ಡೇಟಾ ಪ್ಲಾನ್ ಯಾಕೆ? ಟ್ರಾಯ್ ಸೂಚನೆ ಮೇಲೆ 2025ರ ಜನವರಿಯಿಂದ ಕರೆ-ಮೆಸೇಜಿನ ಪ್ಲಾನ್‌ಗಳು ಬಂದಿವೆ, ರೀಚಾರ್ಜ್ ಅಂಗಡಿಯಲ್ಲಿ ಕೇಳಿದರೆ ಹೇಳ್ತಾರೆ.

ಸಂಬಳ ತಿನ್ನೋ ಹೊಸ ಬಾಯಿ ಅಂದರೆ ಕಂತು. ಫೋನಿಗೆ 2,500, ಬೈಕಿಗೆ 4,000, ನಡುವೆ ಆ್ಯಪಿನ ಸಾಲ. 21 ಸಾವಿರದಲ್ಲಿ ಆರೂವರೆ ಸಾವಿರ ಹೋದ ಮೇಲೆ ಬಾಡಿಗೆ ಕಟ್ಟಿ ಊರಿಗೆ ಕಳಿಸೋಕೆ ಏನುಳಿಯುತ್ತೆ? ಸಾಲದ ಆ್ಯಪು ಅಸಲಿಯೋ ನಕಲಿಯೋ ಅಂತ ನೋಡೋಕೆ ರಿಸರ್ವ್ ಬ್ಯಾಂಕಿನ ನಿಯಮವೇ ಸಾಕು. ಸಾಲ ಕೊಡುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಯಾವುದು, ಎಲ್ಲ ಶುಲ್ಕ ಸೇರಿ ವರ್ಷದ ಬಡ್ಡಿ ಎಷ್ಟು ಅನ್ನೋದನ್ನು ಮೊದಲೇ ಬರಹದಲ್ಲಿ ಕೊಡಬೇಕು. ಕೊಡದೆ ಫೋನಿನ ಕಾಂಟ್ಯಾಕ್ಟ್, ಫೋಟೋ ನೋಡೋಕೆ ಅನುಮತಿ ಕೇಳಿದರೆ ಅಲ್ಲೇ ಅಳಿಸಿಬಿಡಿ. ಈಗಾಗಲೇ ಸಿಕ್ಕಿಹಾಕಿಕೊಂಡು ಬೆದರಿಕೆ ಬರ್ತಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಮನೆಯಲ್ಲಿ ಹೇಳೋಕೆ ಹೆದರಿ ಒಂದು ಸಾಲ ತೀರಿಸೋಕೆ ಇನ್ನೊಂದು ಮಾಡುವವರೇ ಜಾಸ್ತಿ. ದುಡ್ಡು ಯಾಕೆ ಕಳಿಸ್ತಿಲ್ಲ ಅಂತ ಗದರೋ ಮೊದಲು, ಏನಾದರೂ ಸಾಲ ಇದೆಯಾ ಅಂತ ಒಂದು ಸಲ ಸಮಾಧಾನದಿಂದ ಕೇಳೋದು ಮನೆಯವರಿಗೂ ಒಳ್ಳೇದು.

ಹಬ್ಬದ ಓಡಾಟಕ್ಕೆ ಬಂದರೆ, ಯುಗಾದಿ, ಗೌರಿ-ಗಣೇಶ, ದೀಪಾವಳಿ ಹಿಂದಿನ ದಿನ ಖಾಸಗಿ ಬಸ್ಸಿನ ದರ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರೂ ನೋಡಿದ್ದೇ. ಕೆಎಸ್‌ಆರ್‌ಟಿಸಿಯಲ್ಲಿ ಮುಂಗಡ ಬುಕ್ ಮಾಡುವಾಗ ಹೋಗೋ-ಬರೋ ಟಿಕೆಟ್ ಒಟ್ಟಿಗೆ ತೆಗೆದರೆ ಬರೋ ಟಿಕೆಟ್ಟಿಗೆ ಶೇ 10, ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಹೋದರೆ ಶೇ 5 ರಿಯಾಯಿತಿ ಇದೆ. ಒಂದೇ ಊರಿನ ನಾಲ್ವರು ಒಂದೇ ಬಡಾವಣೆಯಲ್ಲಿ ಇದ್ದೂ ಬೇರೆ ಬೇರೆ ಬುಕ್ ಮಾಡೋದು ಕಾಣುತ್ತೆ. ರೈಲಿಗೆ 60 ದಿನ ಮೊದಲು ಬುಕಿಂಗ್ ತೆರೆಯುತ್ತೆ. ತಿಪಟೂರು ಕಡೆಯವರು ಹಬ್ಬದ ತಾರೀಖು ನೋಡಿ ಈಗಲೇ ಗುರುತು ಹಾಕಿಕೊಳ್ಳಬಹುದು. ಕೆಂಪು ಬಸ್ಸಿಗೆ ಬರೋ ಶಿರಾ, ಮಧುಗಿರಿ, ಪಾವಗಡದವರು ಮಾತ್ರ ಹಬ್ಬದ ಹಿಂದಿನ ಸಂಜೆ ಬಿಟ್ಟು ಮಧ್ಯಾಹ್ನವೇ ಹೊರಟರೆ ಸೀಟು ಸಿಗುತ್ತೆ.